ಯಾರ ಕಣ್ಣಿಗಾಗಿ ಈ ಚಿತ್ರ?

"ಹುಡುಗಿಯ ಒಂದು ಫೋಟೋ ಕಳಿಸಿಕೊಡಿ."

ಹೆಣ್ಣುಮಕ್ಕಳಿರುವ ಮನೆಯವರು ಈ ಮಾತನ್ನು ಒಮ್ಮೆಯಾದರೂ ಕೇಳಿಯೇ ಇರುತ್ತಾರೆ. ಹಿಂದೆ ರಿಷ್ತಾ ತರುವ ಖಾಲಾ ಒಬ್ಬರು ಬಂದು, ಸ್ಟುಡಿಯೋದಲ್ಲಿ ತೆಗೆಸಿದ ಒಂದೇ ಒಂದು ಫೋಟೋವನ್ನು ಲಕೋಟೆಯಲ್ಲಿಟ್ಟು ತೆಗೆದುಕೊಂಡು ಹೋಗುತ್ತಿದ್ದರು. ಸಂಬಂಧ ಕೂಡಿಬರದಿದ್ದರೆ ಆ ಲಕೋಟೆ ಮರಳಿ ಬರುತ್ತಿತ್ತು. ಬಾರದಿದ್ದರೆ ಹುಡುಗಿಯ ತಾಯಿ ಎರಡು ಸಲ ಹೇಳಿಕಳಿಸಿಯಾದರೂ ತರಿಸಿಕೊಳ್ಳುತ್ತಿದ್ದಳು. ಈಗ ಫೋಟೋ ಮೊಬೈಲಿನಲ್ಲಿ ಹೋಗುತ್ತದೆ. ಒಂದು ಮನೆಗೆಂದು ಕಳಿಸಿದ್ದು ಸಂಜೆಯೊಳಗೆ ಹತ್ತು ಮನೆ ತಲುಪುತ್ತದೆ. ಅಲ್ಲಿ ಯಾರೋ ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿ ಬಣ್ಣ ನೋಡುತ್ತಾರೆ, ಹಲ್ಲು ನೋಡುತ್ತಾರೆ. ಮರಳಿ ತರಿಸಿಕೊಳ್ಳುವ ಮಾತೇ ಇಲ್ಲ. ಇಷ್ಟೆಲ್ಲ ನಡೆಯುವಾಗ ಆ ಹುಡುಗಿಯನ್ನು ಯಾರಾದರೂ "ನಿನ್ನ ಚಿತ್ರ ಕಳಿಸಲೇ ಮಗಳೇ?" ಎಂದು ಕೇಳಿರುತ್ತಾರೆಯೇ?

ಹೆಣ್ಣಿನ ಚಿತ್ರವನ್ನು ಯಾರು ಬೇಕೆನ್ನುತ್ತಾರೆ, ಯಾರು ತೆಗೆಯುತ್ತಾರೆ, ಯಾರು ನೋಡುತ್ತಾರೆ? ಇದೇ ಪ್ರಶ್ನೆಯನ್ನು ತಮ್ಮ ಬದುಕಿನ ಕೆಲಸವನ್ನಾಗಿ ಮಾಡಿಕೊಂಡ ಕಲಾವಿದೆಯೊಬ್ಬರು ನಮ್ಮ ರಾಜ್ಯದಲ್ಲೇ ಇದ್ದಾರೆ. ಅವರ ಹೆಸರು ಪುಷ್ಪಮಾಲಾ ಎನ್. ದೇಶವಿದೇಶಗಳ ಕಲಾಶಾಲೆಗಳಲ್ಲಿ ಅವರ ಕೆಲಸದ ಬಗ್ಗೆ ಪಾಠವಾಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಈ ತಿಂಗಳು ಅವರನ್ನು ಪರಿಚಯಿಸೋಣವೆನಿಸಿತು.

ಮದುವೆಯ ಫೋಟೋ ನೆನಪಿಗಾಗಿ, ಪತ್ರಿಕೆಯ ಫೋಟೋ ಸುದ್ದಿಗಾಗಿ, ಪಾಸ್‌ಪೋರ್ಟಿನ ಫೋಟೋ ಗುರುತಿಗಾಗಿ. ಇವಲ್ಲದೆ ಒಂದು ಕವಿತೆಯಂತೆ, ಒಂದು ಕಥೆಯಂತೆ ಏನನ್ನೋ ಹೇಳಬೇಕೆಂದೇ ಮಾಡುವ ಫೋಟೋ ಒಂದಿದೆ. ಅದನ್ನು ಕಲಾ ಛಾಯಾಚಿತ್ರ ಎನ್ನುತ್ತಾರೆ. ಕಣ್ಣೆದುರು ನಡೆದದ್ದನ್ನು ಹಿಡಿಯುವ ಬದಲು ಅಲ್ಲಿ ಕಲಾವಿದರು ತಾವೇ ದೃಶ್ಯವನ್ನು ಕಟ್ಟುವುದುಂಟು. ಪುಷ್ಪಮಾಲಾ ಆ ಬಗೆಯವರು. ಅವರ ಚಿತ್ರಗಳಲ್ಲಿ ಮುಖ್ಯ ಪಾತ್ರಧಾರಿ ಅವರೇ. ಬಟ್ಟೆ, ಒಡವೆ, ಹಿಂದಿನ ಪರದೆ, ಬೆಳಕು ಎಲ್ಲವನ್ನೂ ಯೋಚಿಸಿ, ಸಿದ್ಧಗೊಳಿಸಿ, ಕ್ಯಾಮರಾದ ಎದುರು ಬಂದು ನಿಲ್ಲುತ್ತಾರೆ. ಗುಂಡಿ ಒತ್ತುವುದು ಬೇರೊಬ್ಬರು.

ಅವರು ಹುಟ್ಟಿದ್ದು 1956ರಲ್ಲಿ, ಬೆಂಗಳೂರಿನಲ್ಲಿ. ಬಿ.ಎ. ಪದವಿಯನ್ನು ಬೆಂಗಳೂರಿನಲ್ಲೇ ಮುಗಿಸಿದರು. ಬಳಿಕ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯಕ್ಕೆ ಹೋಗಿ ಶಿಲ್ಪಕಲೆ ಕಲಿತು 1985ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮೊದಲ ವರ್ಷಗಳಲ್ಲಿ ಅವರ ಹೆಸರಾದದ್ದು ಶಿಲ್ಪಿಯಾಗಿ, ಸುಟ್ಟ ಮಣ್ಣಿನಲ್ಲಿ ಮಾಡಿದ ಹೆಣ್ಣುಮಕ್ಕಳ ಆಕೃತಿಗಳಿಂದ. ಅದನ್ನೇ ಮುಂದುವರಿಸಿದ್ದರೆ ಸುಗಮವಾದ ದಾರಿಯೇ ಇತ್ತು. ಆದರೆ ನಲವತ್ತರ ಹೊಸ್ತಿಲಿನಲ್ಲಿ ಅವರು ಮಣ್ಣನ್ನು ಬದಿಗಿಟ್ಟು ಛಾಯಾಚಿತ್ರದ ಕಡೆ ತಿರುಗಿದರು. ಅಲ್ಲಿಯವರೆಗೆ ಹೆಣ್ಣಿನ ರೂಪವನ್ನು ಮಣ್ಣಿನಲ್ಲಿ ಮಾಡುತ್ತಿದ್ದವರು ಈಗ ತಮ್ಮ ಮೈಯನ್ನೇ ಮಣ್ಣಿನಂತೆ ಬಳಸಿಕೊಂಡರು. ನಲವತ್ತಕ್ಕೆ ಹೊಸದನ್ನು ಕಲಿಯುವುದೇ ಎಂದು ಹಿಂಜರಿಯುವ ಸಹೋದರಿಯರು ಇದನ್ನು ಗಮನಿಸಬೇಕು.

1996ರಿಂದ 1998ರ ನಡುವೆ ಮಾಡಿದ 'ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್' ಒಂದು ಪತ್ತೇದಾರಿ ಚಿತ್ರಕಥೆ. 1935ರ 'ಹಂಟರ್‌ವಾಲಿ' ಸಿನಿಮಾದಲ್ಲಿ ಚಾವಟಿ ಹಿಡಿದು ದುಷ್ಟರನ್ನು ಬೆನ್ನಟ್ಟಿದ್ದ ನಾಡಿಯಾಳ ನೆರಳು ಅದರಲ್ಲಿದೆ. ಮುಖವಾಡ ತೊಟ್ಟ ನಾಯಕಿ ಮುಂಬಯಿಯ ಬೀದಿಗಳಲ್ಲಿ ಕಳೆದುಹೋದ ತನ್ನ ಅವಳಿ ಸಹೋದರಿಯನ್ನು ಹುಡುಕುತ್ತಾಳೆ. 1998ರ 'ಸುನೆಹರೆ ಸಪ್ನೆ' ಎಂಬ ಮಾಲಿಕೆಯಲ್ಲಿ ಮಧ್ಯಮ ವರ್ಗದ ಒಬ್ಬ ಗೃಹಿಣಿ ಇದ್ದಾಳೆ. ಜೊತೆಗೆ ಆಕೆಯ ಕನಸಿನ ಇನ್ನೊಂದು ರೂಪವೂ ಇದೆ. ಕಪ್ಪು-ಬಿಳುಪು ಫೋಟೋಗಳಿಗೆ ಹಳೆಯ ಕಾಲದ ಸ್ಟುಡಿಯೋಗಳಂತೆ ಕೈಯಿಂದಲೇ ಬಣ್ಣ ಹಚ್ಚಿದ್ದಾರೆ. ಒಲೆಯ ಮುಂದೆ ನಿಂತು ಸಾರು ಕುದಿಯುವುದನ್ನು ಕಾಯುತ್ತಾ ಮನಸ್ಸಿನಲ್ಲಿ ಎಲ್ಲಿಗೋ ಹೋಗಿಬರುವ ನಮ್ಮಂಥವರಿಗೆ ಆ ಎರಡನೆಯ ರೂಪ ಹೊಸದೇನಲ್ಲ.

ಅವರಿಗೆ ಹೆಚ್ಚು ಹೆಸರು ತಂದದ್ದು 2000ದಿಂದ 2004ರವರೆಗೆ ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಜೊತೆ ಮಾಡಿದ 'ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್' ಎಂಬ ಮಾಲಿಕೆ. 'ದಕ್ಷಿಣ ಭಾರತದ ಸ್ಥಳೀಯ ಹೆಂಗಸರು: ಅವರ ರೀತಿ ರಿವಾಜುಗಳು' ಎಂದು ಹೇಳಬಹುದು. ಬ್ರಿಟಿಷ್ ಅಧಿಕಾರಿಗಳು ಬರೆದ ಪುಸ್ತಕದ ಹೆಸರಿನಂತೆ ಕೇಳಿಸುತ್ತದೆ, ಅಲ್ಲವೇ? ಬೇಕೆಂದೇ ಇಟ್ಟ ಹೆಸರು ಅದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ಇದಕ್ಕೆ ನೆರವು ನೀಡಿತ್ತು.

ಕೆಲಸ ನಡೆದ ರೀತಿ ಹೀಗಿತ್ತು. ನಮ್ಮ ಜನ ಈಗಾಗಲೇ ನೋಡಿ ರೂಢಿಯಾಗಿರುವ ಹೆಣ್ಣಿನ ಚಿತ್ರಗಳನ್ನು ಆರಿಸಿಕೊಂಡರು. ರಾಜಾ ರವಿವರ್ಮರ ಲಕ್ಷ್ಮಿ, ಅವರದೇ ಬೆಳದಿಂಗಳ ಸ್ತ್ರೀ, ಸಿನಿಮಾದ ಒಂದು ದೃಶ್ಯ, ಪತ್ರಿಕೆಯಲ್ಲಿ ಬಂದ ಒಂದು ಪೊಲೀಸ್ ಫೋಟೋ, ಹೀಗೆ. ಪ್ರತಿಯೊಂದಕ್ಕೂ ಬಣ್ಣದ ಪರದೆ ಬರೆಸಿ, ಬಟ್ಟೆ ಹೊಲಿಸಿ, ಒಡವೆ ಹೊಂದಿಸಿ, ಮೂಲದಲ್ಲಿ ಹೇಗಿತ್ತೋ ಹಾಗೆಯೇ ಪುಷ್ಪಮಾಲಾ ನಿಂತರು. ಬರೆದ ಪರದೆಯ ಸೊಗಸನ್ನು ತುಮಕೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಅರಮನೆ, ಕಾಡು, ಬೀದಿಗಳ ಪರದೆಗಳನ್ನು ಹೊತ್ತು ನಾಡೆಲ್ಲ ಸುತ್ತಿದೆ. ಪರದೆ ಬಿದ್ದ ಕೂಡಲೇ ನಮ್ಮ ಕಣ್ಣೆದುರಿನ ಮನುಷ್ಯ ರಾಜನಾಗಿಬಿಡುತ್ತಿದ್ದ. ಪುಷ್ಪಮಾಲಾ ತೋರಿಸುವುದೂ ಅದನ್ನೇ. ಪರದೆ ಮತ್ತು ಬಟ್ಟೆ ಬದಲಾದರೆ ಒಂದೇ ಮುಖ ದೇವತೆಯಾಗುತ್ತದೆ, ನಟಿಯಾಗುತ್ತದೆ, ಕಳ್ಳಿಯೂ ಆಗುತ್ತದೆ.

ಈ ಮಾಲಿಕೆಯಲ್ಲಿ ಒಬ್ಬ ಯೋಗಿನಿಯೂ ಇದ್ದಾಳೆ. ಅದಕ್ಕೆ ಮಾದರಿ ಆದಿಲ್‌ಶಾಹಿ ಕಾಲದ ಬಿಜಾಪುರದ ಸಣ್ಣ ವರ್ಣಚಿತ್ರ. ಇಬ್ರಾಹೀಂ ಆದಿಲ್ ಶಾಹ್ ಎರಡನೆಯವನ ಆಸ್ಥಾನದಲ್ಲಿ ಸಂಗೀತಗಾರರ ಜೊತೆಗೆ ಚಿತ್ರಕಾರರಿಗೂ ಗೌರವವಿತ್ತು. ಮೈನಾ ಹಕ್ಕಿಯೊಂದಿಗಿರುವ ಯೋಗಿನಿಯ ಬಿಜಾಪುರ ಚಿತ್ರವೊಂದು ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದ್ದು, ಕಲಾಪ್ರೇಮಿಗಳು ಅದನ್ನು ನೋಡಲು ಹೋಗುತ್ತಾರೆ. ಮುಸ್ಲಿಮ್ ಸುಲ್ತಾನನ ಆಸ್ಥಾನದಲ್ಲಿ ಒಬ್ಬ ಯೋಗಿನಿ, ನಮ್ಮದೇ ಕನ್ನಡ ನೆಲದಲ್ಲಿ! ಹಿಂದಿನವರು ಒಬ್ಬರನ್ನೊಬ್ಬರು ಎಷ್ಟು ಹತ್ತಿರದಿಂದ ನೋಡಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎಲ್ಲ ನೋಟವೂ ಇಷ್ಟು ಪ್ರೀತಿಯದಾಗಿರಲಿಲ್ಲ. ಇದೇ ಮಾಲಿಕೆಯ ಇನ್ನೊಂದು ಚಿತ್ರದಲ್ಲಿ ಪುಷ್ಪಮಾಲಾ ನೀಲಗಿರಿಯ ತೋಡ ಹೆಂಗಸಿನಂತೆ ನಿಂತಿದ್ದಾರೆ. ಹಿಂದೆ ಚೌಕಳಿ ಚೌಕಳಿಯಾದ ಪರದೆ. ಅದು ಅಂದಕ್ಕಾಗಿ ಹಾಕಿದ್ದಲ್ಲ, ಅಳತೆಗಾಗಿ. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಭಾರತದ ಜನರನ್ನು ಜಾತಿ, ಬುಡಕಟ್ಟುಗಳಾಗಿ ವಿಂಗಡಿಸಲು ಫೋಟೋಗಳನ್ನು ತೆಗೆಸಿದರು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಹೆಸರಿನಲ್ಲಿ 8 ಸಂಪುಟಗಳೇ ಹೊರಬಂದವು. ಮದ್ರಾಸ್ ಸರಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಉಪಕರಣ ಹಿಡಿದು ಜನರ ತಲೆ, ಮೂಗುಗಳನ್ನು ಅಳೆಯುತ್ತಿದ್ದರು. 1909ರಲ್ಲಿ ಅವರು ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ 7 ಸಂಪುಟ ಪ್ರಕಟಿಸಿದರು. ಇಂಥ ಅಳತೆಯ ಫೋಟೋಗಳಲ್ಲಿ ನಿಂತ ಹೆಂಗಸಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. 'ತೋಡ ಹೆಂಗಸು' ಎಂದಿರುತ್ತದೆ, ಅಷ್ಟೆ. ಆಕೆ ಯಾರ ಮಗಳು, ಯಾರ ತಾಯಿ, ಆ ದಿನ ಕ್ಯಾಮರಾದ ಎದುರು ನಿಲ್ಲಲು ಆಕೆಗೆ ಮನಸ್ಸಿತ್ತೇ ಎಂದು ಕೇಳಿದವರಿಲ್ಲ.

ಪೊಲೀಸ್ ಫೋಟೋದ ಚಿತ್ರವೂ ಹಾಗೆಯೇ. ಕಳ್ಳತನದ ಆರೋಪದ ಮೇಲೆ ಹಿಡಿಯಲ್ಪಟ್ಟ ಹೆಂಗಸರ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಪುಷ್ಪಮಾಲಾ ಆ ಸ್ಥಾನದಲ್ಲಿ ತಾವು ನಿಂತರು. ಅದೇ ಮುಖವನ್ನು ಪಕ್ಕದ ಚಿತ್ರದಲ್ಲಿ ಲಕ್ಷ್ಮಿಯಾಗಿ ಕಂಡವರು ಇಲ್ಲಿ ಅಪರಾಧಿಯಾಗಿ ಕಂಡಾಗ ತಬ್ಬಿಬ್ಬಾಗುತ್ತಾರೆ. ಯಾರದೋ ಮುಖ ನೋಡಿ 'ಇವಳು ಇಂಥವಳು' ಎಂದು ತೀರ್ಮಾನಿಸುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಒಂದು ಪೆಟ್ಟು ಬೀಳುತ್ತದೆ.

ಮಾಲಿಕೆಯ ಒಂದು ಭಾಗದಲ್ಲಿ ತೆರೆಮರೆಯ ಕೆಲಸದ ಫೋಟೋಗಳೇ ಇವೆ. ಸಾಮಾನ್ಯವಾಗಿ ಕಲಾವಿದರು ಇದನ್ನೆಲ್ಲ ಮುಚ್ಚಿಡುತ್ತಾರೆ. ಇಲ್ಲಿ ಚಿತ್ರವನ್ನು ಹೇಗೆ ಮಾಡಲಾಯಿತು ಎಂಬುದೂ ಚಿತ್ರದಷ್ಟೇ ಮುಖ್ಯ. ಅಡುಗೆಯನ್ನು ಹೊಗಳುವವರು ಅಡುಗೆಮನೆಯನ್ನೂ ಒಮ್ಮೆ ನೋಡಲಿ ಎಂದಂತೆ.

ಈಗ ನಮಗೆ ತೀರ ಹತ್ತಿರದ ಒಂದು ವಿಷಯಕ್ಕೆ ಬರುತ್ತೇನೆ. ಚಿತ್ರ ತೆಗೆಸಿಕೊಳ್ಳುವ ಬಗ್ಗೆ ಮುಸ್ಲಿಮ್ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ಗೋಡೆಗೆ ಫೋಟೋ ತೂಗುಹಾಕದವರಿದ್ದಾರೆ, ಆಲ್ಬಮನ್ನು ಬೀರುವಿನೊಳಗೆ ಇಡುವವರಿದ್ದಾರೆ. ಹಜ್ ಯಾತ್ರೆಯ ಪಾಸ್‌ಪೋರ್ಟಿಗಾಗಿ ಮೊದಲ ಬಾರಿ ಫೋಟೋ ತೆಗೆಸಿಕೊಂಡ ಹಿರಿಯರನ್ನು ನಾನು ಬಲ್ಲೆ. ಆದರೂ ಬೇಕೆಂದ ಮಹಿಳೆಯರಿಗೆ ಅವರ ಮರ್ಯಾದೆಗೆ ತಕ್ಕ ದಾರಿ ಮಾಡಿಕೊಟ್ಟದ್ದೂ ಇತಿಹಾಸದಲ್ಲಿದೆ. ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪರ್ದಾ ಪಾಲಿಸುವ ಮಹಿಳೆಯರಿಗೆಂದೇ ಜನಾನಾ ಸ್ಟುಡಿಯೋ ತೆರೆದರು. ಸುತ್ತ ಎತ್ತರದ ಗೋಡೆ. ಒಳಗಿನ ಕೆಲಸವನ್ನು ನೋಡಿಕೊಳ್ಳುತ್ತಿದ್ದುದು ಕೆನ್ನಿ-ಲೆವಿಕ್ ಎಂಬ ಮಹಿಳೆ. ಬೀದರ್, ಕಲಬುರಗಿ, ರಾಯಚೂರುಗಳು ಅಂದು ಅದೇ ನಿಜಾಮರ ಸಂಸ್ಥಾನದಲ್ಲಿದ್ದವು. ತೋಡ ಹೆಂಗಸಿನ ಚೌಕಳಿ ಪರದೆಯ ಕಾಲವೂ ಇದೇ. ಒಂದು ಕಡೆ ಹೆಣ್ಣನ್ನು ಕೇಳದೆಯೇ ಅಳೆದ ಕ್ಯಾಮರಾ, ಇನ್ನೊಂದು ಕಡೆ ಆಕೆಯ ಇಷ್ಟವನ್ನು ಕೇಳಿ ಬಾಗಿಲು ಹಾಕಿಕೊಂಡ ಕ್ಯಾಮರಾ. ಯಂತ್ರ ಒಂದೇ, ಹಿಡಿದವರ ರೀತಿ ಬೇರೆ.

2000ದಿಂದ 2003ರ ನಡುವೆ ಪುಷ್ಪಮಾಲಾ ಮುಂಬಯಿಯ ದಾದರ್‌ನಲ್ಲಿರುವ ಇಂಡಿಯಾ ಫೋಟೋ ಸ್ಟುಡಿಯೋದಲ್ಲಿ 'ಬಾಂಬೆ ಫೋಟೋ ಸ್ಟುಡಿಯೋ' ಎಂಬ ಮಾಲಿಕೆ ಮಾಡಿದರು. ಹಿಂದಿನ ತಲೆಮಾರಿನ ಸಿನಿಮಾ ತಾರೆಯರ ಫೋಟೋ ತೆಗೆದು ಹೆಸರಾದ ಜೆ.ಎಚ್. ಠಕ್ಕರ್ ಅದೇ ಹಳೆಯ ಬೆಳಕಿನ ಶೈಲಿಯಲ್ಲಿ ಅವರ ಫೋಟೋ ತೆಗೆದರು. ನವರಸಗಳ ಒಂದು ಸಾಲು ಅದರಲ್ಲಿದೆ. ಹಿಂದೂ ಸ್ತ್ರೀ, ಕ್ರೈಸ್ತ ಸ್ತ್ರೀ, 'ಮೊಹಮ್ಮಡನ್' ಸ್ತ್ರೀ ಎಂಬ ಹೆಸರಿನ ಭಾವಚಿತ್ರಗಳೂ ಇವೆ. ಮೂರೂ ಅದೇ ಪುಷ್ಪಮಾಲಾ. ಸಮುದಾಯದ ಗುರುತು ಎಂದು ನಾವು ಭಾವಿಸುವುದು ಎಷ್ಟರಮಟ್ಟಿಗೆ ಒಂದು ಉಡುಪು, ಒಂದು ಭಂಗಿ ಎಂದು ಆ ಚಿತ್ರಗಳು ತೋರಿಸುತ್ತವೆ. ನೋಡುವವರ ಕಣ್ಣಿನಲ್ಲಿ ಮೊದಲೇ ಒಂದು ಅಚ್ಚು ಇರುತ್ತದೆ. ಅದಕ್ಕೆ ಹೊಂದುವ ಬಟ್ಟೆ ಕಂಡರೆ ಸಾಕು, ಮುಖವನ್ನು ಯಾರೂ ನೋಡುವುದಿಲ್ಲ.

ಆದರೆ ಈ ಚಿತ್ರದ ಮುಂದೆ ನನಗೊಂದು ಮಾತು ಹೇಳಲೇಬೇಕೆನಿಸುತ್ತದೆ. ಕಲಾವಿದೆ ಆ ಉಡುಪನ್ನು ಧರಿಸಿ, ಫೋಟೋ ಆದ ಮೇಲೆ ತೆಗೆದಿಡಬಲ್ಲರು. ಬಟ್ಟೆಯ ಜೊತೆಗೆ ಹಣೆಪಟ್ಟಿಯೂ ಕಳಚುತ್ತದೆ. ನಮಗೆ ಆ ಅನುಕೂಲವಿಲ್ಲ. ಉಡುಪು ನಮ್ಮದು, ಇಷ್ಟಪಟ್ಟು ತೊಟ್ಟದ್ದು. ಹಣೆಪಟ್ಟಿ ಮಾತ್ರ ಬೇರೆಯವರು ಅಂಟಿಸಿದ್ದು. ತೋಡ ಹೆಂಗಸಿನ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ. ಆಕೆಯ ಜಾಗದಲ್ಲಿ ನಗರದ ಕಲಾವಿದೆ ನಿಂತರೆ ಆಕೆಯ ಹೆಸರು ನಮಗೆ ಸಿಕ್ಕಂತಾಯಿತೇ? ಇಲ್ಲ. ಆದರೆ ಆಕೆಗೂ ಒಂದು ಹೆಸರಿದ್ದಿರಬೇಕು ಎಂಬುದು ನೆನಪಾಗುತ್ತದೆ. ನನ್ನ ದೃಷ್ಟಿಯಲ್ಲಿ ಪುಷ್ಪಮಾಲಾ ಅವರ ಕೆಲಸದ ದೊಡ್ಡತನವೂ ಇದೇ, ಮಿತಿಯೂ ಇದೇ.

ಇದೆಲ್ಲ ಹಳೆಯ ಕಥೆ ಎನ್ನುವಿರಾ? 2021ರ ಜುಲೈನಲ್ಲಿ ಒಮ್ಮೆ, 2022ರ ಜನವರಿ ಮೊದಲ ದಿನ ಇನ್ನೊಮ್ಮೆ, ದೇಶದ ಹಲವಾರು ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಕದ್ದು, 'ಹರಾಜಿಗಿದ್ದಾರೆ' ಎಂದು ಅಂತರ್ಜಾಲದಲ್ಲಿ ಹಾಕಲಾಯಿತು. ಅವರಲ್ಲಿ ಪತ್ರಕರ್ತೆಯರಿದ್ದರು, ವಕೀಲೆಯರಿದ್ದರು. ಬಂಧನಕ್ಕೊಳಗಾದವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದರು. ಆ ಫೋಟೋಗಳಲ್ಲಿ ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ. ಆ ಮಹಿಳೆಯರು ಮಾಡಿದ ತಪ್ಪೂ ಏನಿರಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲಾ ಕಾಲೇಜುಗಳ ಗೇಟಿನ ಮುಂದೆ ತಲೆವಸ್ತ್ರ ತೆಗೆಯಬೇಕಾಗಿ ಬಂದ ವಿದ್ಯಾರ್ಥಿನಿಯರನ್ನು, ಶಿಕ್ಷಕಿಯರನ್ನು ಟಿ.ವಿ. ಕ್ಯಾಮರಾಗಳು ಹಿಂಬಾಲಿಸಿದವು. ಆ ಮಕ್ಕಳಲ್ಲಿ ಎಷ್ಟು ಮಂದಿಯ ಒಪ್ಪಿಗೆ ಕೇಳಿದ್ದರು? ಚೌಕಳಿ ಪರದೆ ಕಾಣೆಯಾಗಿದೆ. ಅಳೆಯುವ ಕಣ್ಣು ಹಾಗೆಯೇ ಇದೆ.

ಆದ್ದರಿಂದ ಹೆಣ್ಣುಮಕ್ಕಳು ಕ್ಯಾಮರಾದಿಂದ ದೂರ ಇದ್ದುಬಿಡಲಿ ಎಂದು ಕೆಲವರು ಹೇಳಬಹುದು. ಈ ಉತ್ತರ ಸುಲಭ, ಆದರೆ ನ್ಯಾಯವಲ್ಲ. ಕದ್ದವನನ್ನು ಬಿಟ್ಟು ಒಡವೆಯ ಯಜಮಾನಿಯನ್ನು ಗದರಿಸಿದಂತೆ. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿಯನ್ನು ತಗ್ಗಿಸಬೇಕೆಂಬ ಆದೇಶ ಮೊದಲು ಬಂದಿರುವುದು ಪುರುಷರಿಗೆ, ಆಮೇಲೆ ಸ್ತ್ರೀಯರಿಗೆ. ನೋಡುವವರ ಹೊಣೆ ಎಷ್ಟು ದೊಡ್ಡದೆಂದು ಅದರಿಂದಲೇ ತಿಳಿಯುತ್ತದೆ. ನಮ್ಮ ಗಂಡುಮಕ್ಕಳಿಗೆ ಮೊಬೈಲ್ ಕೊಡಿಸುವ ದಿನ ಈ ಮಾತನ್ನು ಹೇಳಿದ್ದೇವೆಯೇ?

ಕಣ್ಣಿನ ಹೊಣೆ ಹೆಂಗಸರಾದ ನಮಗೂ ಇದೆ. ನಮ್ಮ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯಲ್ಲಿ ಬೆಳಗಿನ ಜಾವವೇ ಬಂದು ಸೊಪ್ಪಿನ ಕಟ್ಟುಗಳ ನಡುವೆ ಕುಳಿತುಕೊಳ್ಳುವ ಹೆಂಗಸರಿದ್ದಾರೆ. ಬಣ್ಣ ಚೆನ್ನಾಗಿ ಬರುತ್ತದೆ ಎಂದು ಮೊಬೈಲ್ ಎತ್ತಿ ಅವರ ಫೋಟೋ ತೆಗೆಯುವವರನ್ನು ಕಂಡಿದ್ದೇನೆ. ಒಮ್ಮೆ ಅಂಥವರೊಬ್ಬರಿಗೆ ಸೊಪ್ಪು ಮಾರುವ ಹೆಂಗಸೇ, "ಏನಮ್ಮಾ, ಫೋಟೋ ಹಿಡ್ಕೊಂಡು ಹೋಗ್ತೀಯಾ, ಸೊಪ್ಪು ಬೇಡ್ವಾ?" ಎಂದಳು. ಸುತ್ತ ಇದ್ದವರು ನಕ್ಕರು. ಆಕೆ ಮಾತ್ರ ನಗಲಿಲ್ಲ. ಆಕೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ನನ್ನಿಂದ ನೀನು ಒಯ್ಯುವುದೇನು, ನನಗೆ ಬಿಟ್ಟುಹೋಗುವುದೇನು? ಇದನ್ನೇ ದೊಡ್ಡ ಕಲಾವಿದರು ಗ್ಯಾಲರಿಗಳಲ್ಲಿ ಕೇಳುತ್ತಿದ್ದಾರೆ.

ಪುಷ್ಪಮಾಲಾ ಅವರ ಇನ್ನೊಂದು ಕೆಲಸ ಅಡುಗೆಮನೆಗೆ ಹತ್ತಿರವಾದದ್ದು. 2004ರಲ್ಲಿ ಅವರು 'ರಾಷ್ಟ್ರೀಯ ಖೀರ್ ಔರ್ ದೇಸೀ ಸಲಾಡ್' ಎಂಬ ಪುಟ್ಟ ಕಪ್ಪು-ಬಿಳುಪು ಚಿತ್ರ ಮಾಡಿದರು. ಸ್ವಾತಂತ್ರ್ಯಾನಂತರದ ಒಂದು ಆದರ್ಶ ಕುಟುಂಬದ ಹಾಸ್ಯಚಿತ್ರ ಅದು. ಅದರಲ್ಲಿ ಬರುವ ಮಾತುಗಳಿಗೆ ಆಧಾರ ಅವರ ತಾಯಿ ಮತ್ತು ಅತ್ತೆ ಬರೆದಿಟ್ಟಿದ್ದ ಹಳೆಯ ಅಡುಗೆ ಪುಸ್ತಕಗಳು. ಹೆಂಗಸರು ಅಡುಗೆಯ ವಿಧಾನವನ್ನು ಬರೆದಿಟ್ಟ ನೋಟುಪುಸ್ತಕ ದೇಶದ ಇತಿಹಾಸದ ದಾಖಲೆಯೂ ಆಗಬಲ್ಲದು ಎಂದು ನಮ್ಮಲ್ಲಿ ಯಾರು ಯೋಚಿಸಿದ್ದೆವು? ದಾದಿ ಉರ್ದುವಿನಲ್ಲಿ ಬರೆದಿಟ್ಟ ಮಸಾಲೆಯ ಲೆಕ್ಕ, ಬಾಣಂತಿಗೆ ಕೊಡುವ ಔಷಧಿಯ ಚೀಟಿ, ಇವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿ ನೋಡಿ.

2019ರಲ್ಲಿ ಚೆನ್ನೈ ಫೋಟೋ ಬಿಯೆನಾಲೆ ಎಂಬ ದೊಡ್ಡ ಛಾಯಾಚಿತ್ರ ಉತ್ಸವದ ಕಲಾ ನಿರ್ದೇಶನದ ಹೊಣೆಯೂ ಪುಷ್ಪಮಾಲಾ ಅವರದಾಗಿತ್ತು. ಇಂಥ ಚಿತ್ರಗಳನ್ನು ನೋಡಲು ದೂರ ಹೋಗಬೇಕಿಲ್ಲ. 2023ರಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳಿಗೆಂದೇ ಒಂದು ವಸ್ತುಸಂಗ್ರಹಾಲಯ ಆರಂಭವಾಗಿದೆ. 'ಮ್ಯಾಪ್' ಎಂದರೆ ತೋರಿಸುತ್ತಾರೆ. ಅದರ ಆರಂಭದ ಪ್ರದರ್ಶನಗಳಲ್ಲೊಂದರ ವಿಷಯ ಕಲೆಯಲ್ಲಿ ಮಹಿಳೆಯರನ್ನು ಚಿತ್ರಿಸಿದ ಬಗೆಯೇ ಆಗಿತ್ತು. ತುಮಕೂರಿನಿಂದ ರೈಲು ಹತ್ತಿದರೆ ಒಂದು ದಿನದಲ್ಲಿ ಹೋಗಿ ಬರಬಹುದು. ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ರಜೆಗಳಲ್ಲಿ ಒಂದನ್ನು ಇದಕ್ಕೆ ಇಡಬಹುದಲ್ಲವೇ?

ಸಹೋದರಿಯರೇ, ಕಲಾವಿದೆಯ ಸಾಧನೆಯನ್ನು ಓದಿ ಮೆಚ್ಚಿ ಪುಟ ತಿರುವಿದರೆ ಸಾಲದು. ನಮ್ಮ ಕೈಯಲ್ಲೂ ಒಂದು ಕ್ಯಾಮರಾ ಇದೆ. ಚಿತ್ರ ತೆಗೆಯುವಾಗ, ಕಳಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ಚಿತ್ರ ಯಾರಿಗೆ ಬೇಕು? ಏಕೆ ಬೇಕು? ಚಿತ್ರದಲ್ಲಿರುವವಳು ಒಪ್ಪಿದ್ದಾಳೆಯೇ? ರಿಷ್ತಾಕ್ಕೆಂದು ಮಗಳ ಫೋಟೋ ಕಳಿಸಲೇಬೇಕಾಗಿ ಬಂದರೆ ಯಾವುದನ್ನು ಕಳಿಸಬೇಕೆಂದು ಅವಳೇ ಆರಿಸಲಿ, ಯಾರಿಗೆ ಹೋಯಿತೆಂಬುದು ಅವಳಿಗೆ ತಿಳಿದಿರಲಿ, ಸಂಬಂಧ ಬೇಡವಾದ ಮೇಲೆ ಅಳಿಸಿರೆಂದು ಅವರಿಗೆ ಬಾಯಿಬಿಟ್ಟು ಹೇಳಿ. ಹುಡುಗನ ಕಡೆಯವರು ನಾವಾದಾಗ ಕೇಳುವ ಮುನ್ನವೇ ಅಳಿಸೋಣ. ಚಿತ್ರ ಕದ್ದು ಯಾರಾದರೂ ಪೀಡಿಸಿದರೆ ಮಗಳನ್ನು ಬೈಯಬೇಡಿ. ಮೊದಲು ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ, ಬಳಿಕ ಪೊಲೀಸರ ಬಳಿ ಹೋಗಿ. ಸೈಬರ್ ಅಪರಾಧಕ್ಕೆ 1930 ಎಂಬ ಸಹಾಯವಾಣಿಯೂ ಇದೆ.

ಇನ್ನೊಂದು ಕೆಲಸಕ್ಕೆ ಖರ್ಚಿಲ್ಲ, ಒಂದು ಪೆನ್ಸಿಲ್ ಸಾಕು. ಮನೆಯ ಹಳೆಯ ಫೋಟೋಗಳ ಹಿಂದೆ 'ಸಲೀಮನ ತಾಯಿ', 'ಗುಬ್ಬಿಯ ಚಿಕ್ಕಮ್ಮ', 'ಕುಣಿಗಲ್ ಖಾಲಾ' ಎಂದಷ್ಟೇ ಬರೆದಿರುತ್ತದೆ, ಅಥವಾ ಏನೂ ಬರೆದಿರುವುದಿಲ್ಲ. ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರ ಜೊತೆ ಕುಳಿತು ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆಯಿರಿ. ಸಲೀಮನ ತಾಯಿಗೂ ಅವಳದೇ ಆದ ಒಂದು ಹೆಸರಿತ್ತು.